ಆಪರೇಷನ್‌ಗೆ ಮುಂಚೆ ಮಗುವಿಗೆ ನೀರು: ನನ್ನ ಮೆಸೇಜು ತಪ್ಪಿತ್ತು

ಮಗುವಿಗೆ ಆಪರೇಷನ್ ಇದ್ದರೆ ಹಿಂದಿನ ರಾತ್ರಿಯಿಂದ ಒಂದು ಗುಟುಕು ನೀರೂ ಕೊಡಬೇಡಿ ಎಂದು ಸಾಗರದ ನಮ್ಮ ಗ್ರೂಪಿನಲ್ಲಿ ಹಾಕಿದ್ದೆ. ಅದು ತಪ್ಪು. ಈಗ ಶಿವಮೊಗ್ಗದ ತನಕ ಓಡಾಡುತ್ತಿದೆಯಂತೆ.

ಅಮೆರಿಕದ ಅರಿವಳಿಕೆ ತಜ್ಞರ ಸಂಘದ ಮಾರ್ಗಸೂಚಿ ಪ್ರಕಾರ, ಅರಿವಳಿಕೆಗೆ 2 ಗಂಟೆ ಮುಂಚಿನ ತನಕ ಬರೀ ನೀರು ಕೊಡಬಹುದು, 4 ಗಂಟೆ ಮುಂಚಿನ ತನಕ ಎದೆಹಾಲು. ಹಸುವಿನ ಹಾಲು, ಲಘು ತಿಂಡಿ 6 ಗಂಟೆ ಮುಂಚೆಯೇ ನಿಲ್ಲಬೇಕು. ಗಂಜಿ ತಿಳಿ ಎಷ್ಟೇ ತೆಳ್ಳಗಿದ್ದರೂ ನೀರಿನ ಲೆಕ್ಕಕ್ಕೆ ಬರುವುದಿಲ್ಲ. ಅಜ್ಜಿಯರು ಒಪ್ಪಲ್ಲ ಬಿಡಿ.

ಹೊಟ್ಟೆ ತುಂಬಿದ್ದರೆ ಮಂಪರಿನಲ್ಲಿ ವಾಂತಿ ಶ್ವಾಸಕೋಶಕ್ಕೆ ಇಳಿಯಬಹುದು. ಹಾಗಂತ ಸುಮ್ನೆ ರಾತ್ರಿಯಿಡೀ ಉಪವಾಸ ಹಾಕಿದರೆ ಚಿಕ್ಕ ಮಗುವಿನ ರಕ್ತದಲ್ಲಿ ಸಕ್ಕರೆ ಇಳಿಯಬಹುದು, ಬಾಯಿ ಒಣಗಿ ರಚ್ಚೆ ಹಿಡಿಯುತ್ತದೆ. ನಿಮ್ಮ ಮಗುವಿಗೆ ಎಷ್ಟು ಹೊತ್ತು ಅಂತ ಅರಿವಳಿಕೆ ಡಾಕ್ಟರನ್ನೇ ಕೇಳಿ. ಹಳೇ ಮೆಸೇಜು ದಯವಿಟ್ಟು ಫಾರ್ವರ್ಡ್ ಮಾಡಬೇಡಿ.