ಕೊಲ್ಲಾಪುರದ ಅಂಬಾಬಾಯಿ, ನಮ್ಮ ಗದ್ದವಳ್ಳಿಯ ಲಕ್ಷ್ಮಿ

"ಇಷ್ಟು ಚಂದದ ದೇವಿಗೆ ತನ್ನವರು ಅಂತ ಯಾರೂ ಇಲ್ವಾ?"

ಹಾಸನದ ಹತ್ತಿರ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಯಲ್ಲಿ ಕೊಲ್ಲಾಪುರದ ನಮ್ಮ ಪಕ್ಕದ ಮನೆಯಾಕೆ ಕೇಳಿದ ಮಾತಿದು. ಒಳಗೆ ನಮ್ಮನ್ನು ಬಿಟ್ಟರೆ ಒಂದು ನರಪಿಳ್ಳೆ ಇರಲಿಲ್ಲ. ಆಕೆ ಆಡಿಕೊಳ್ಳಲಿಲ್ಲ, ಸುಮ್ನೆ ಕೇಳಿದರು. ಅದಕ್ಕೇ ಜಾಸ್ತಿ ಚುಚ್ಚಿತು.

ಕೊಲ್ಲಾಪುರದಲ್ಲಿ ಅಂಬಾಬಾಯಿ, ಅಂದರೆ ಮಹಾಲಕ್ಷ್ಮಿ, ಊರಿನ ತಾಯಿ. ತರಕಾರಿ ಚೀಲ ಹಿಡಿದೇ ಗುಡಿಗೆ ಹೋಗಿ ಕೈಮುಗಿದು ಬರುತ್ತಾರೆ. ಜನವರಿ ಕೊನೆಗೆ, ಮತ್ತೆ ನವೆಂಬರಿನಲ್ಲಿ ಕಿರಣೋತ್ಸವ. ಮುಳುಗುವ ಸೂರ್ಯನ ಬೆಳಕು ಪಡುವಣ ಬಾಗಿಲಿನಿಂದ ಬಂದು ಒಂದು ದಿನ ದೇವಿಯ ಪಾದ, ಮರುದಿನ ಎದೆ, ಮೂರನೆಯ ದಿನ ಮುಖ ಮುಟ್ಟಬೇಕು. ಕೆಲವು ಸಲ ಮುಟ್ಟುವುದಿಲ್ಲ. ಮೋಡ ಇರುತ್ತದೆ, ಎದುರಿನ ಕಟ್ಟಡಗಳು ಅಡ್ಡ ಬರುತ್ತವೆ. ಆಗ ಊರಿನ ಸಿಟ್ಟು ನೋಡಬೇಕು! ಯಾವ ಮಹಡಿ ಬೆಳಕು ತಡೆಯಿತು ಅಂತ ಚಹಾ ಅಂಗಡಿಯಲ್ಲೂ ಜಗಳ.

ನಮ್ಮಲ್ಲಿ? ವಿಷ್ಣುವರ್ಧನನ ಕಾಲದಲ್ಲಿ, 1113ರ ಸುಮಾರಿಗೆ, ಕುಲ್ಲಹಣ ರಾಹುತ ಎಂಬ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ ಕಟ್ಟಿಸಿದ ಗುಡಿ ಇದು. ಶಾಸನದಲ್ಲಿ ಈ ಊರು ಅಭಿನವ ಕೊಲ್ಲಾಪುರ. ಅಂದರೆ ಆ ಗಂಡಹೆಂಡಿರಿಗೆ ಅಲ್ಲಿಯ ಮಹಾಲಕ್ಷ್ಮಿಯೇ ಮನಸ್ಸಿನಲ್ಲಿದ್ದಳು, ಅಲ್ವಾ? 2020ರ ನವೆಂಬರಿನಲ್ಲಿ ಇದೇ ಗುಡಿಯ ಕಾಳಿ ವಿಗ್ರಹ ತುಂಡಾಗಿ ಬಿತ್ತು. ಎರಡು ದಿನ ಸುದ್ದಿ ನೋಡಿ ಅಯ್ಯೋ ಅಂದೆವು, ಮುಗೀತು. ನನ್ನ ನೆಂಟರಿಷ್ಟರಲ್ಲಿ ಎಷ್ಟೋ ಜನ ಬೇಲೂರಿಗೆ ವರ್ಷ ವರ್ಷ ಹೋಗುತ್ತಾರೆ. ಅದೇ ದಾರಿಯಲ್ಲಿ ಸ್ವಲ್ಪ ಒಳಗೆ ತಿರುಗಿದರೆ ಈ ಗುಡಿ. ತಿರುಗಿದವರಿಲ್ಲ.

ಒಂದು ಮಾತು ಮಾತ್ರ ಒಪ್ಪಲೇಬೇಕು. ಕೊಲ್ಲಾಪುರದಲ್ಲಿ ದೇವಿಯ ಮುಖ ಕಂಡಿತು ಅನ್ನುವಷ್ಟರಲ್ಲಿ ಹಿಂದಿನವರು ದೂಡುತ್ತಾರೆ. ಅಲ್ಲಿಯ ಗೋಡೆಯ ಕೆತ್ತನೆಯನ್ನು ನಾನು ಇವತ್ತಿಗೂ ಸರಿಯಾಗಿ ನೋಡಿಲ್ಲ. ಗದ್ದವಳ್ಳಿಯಲ್ಲಿ ಕಾಳಿಯ ಬಾಗಿಲ ಅಕ್ಕಪಕ್ಕ ನಿಂತ ಬೇತಾಳಗಳ ಒಂದೊಂದು ಪಕ್ಕೆಲುಬನ್ನೂ ಎಣಿಸಬಹುದು. ನಾಲ್ಕೂ ಗರ್ಭಗುಡಿಗಳ ಮುಂದೆ ಬೇಕಾದಷ್ಟು ಹೊತ್ತು ನಿಲ್ಲಬಹುದು. ಪಕ್ಕದ ಮನೆಯಾಕೆ ಲಕ್ಷ್ಮಿಯ ಮುಂದೆ ಕೂತವರು ಏಳಲು ಒಪ್ಪಲೇ ಇಲ್ಲ. ಆ ಸಮಾಧಾನ ಕೊಲ್ಲಾಪುರದಲ್ಲಿ ಸಿಗುವುದಿಲ್ಲ, ನಿಜ.

ಆದರೂ ನನಗೆ ಆ ನೂಕುನುಗ್ಗಲೇ ಇಲ್ಲೂ ಸ್ವಲ್ಪ ಬೇಕು. ಹಾಸನದವರೇ, ಮುಂದಿನ ಶುಕ್ರವಾರ ಮಡಿಲಕ್ಕಿ ತಗೊಂಡು ಒಮ್ಮೆ ಹೋಗಿ ಬನ್ನಿ.