ಹತ್ತೇ ನಿಮಿಷ ಸಾರ್

ಯಲಬುರ್ಗಾ ಕಡೆಯ ನಮ್ಮ ಹಳ್ಳಿಯಲ್ಲಿ ಯಾರೂ ಏರಿಯಾ ಆರಿಸಿಕೊಳ್ಳುವುದಿಲ್ಲ. ಹುಟ್ಟಿದ ಓಣಿಯೇ ಓಣಿ. ಅಂಥವನಿಗೆ ನಲವತ್ತನೇ ವಯಸ್ಸಿನಲ್ಲಿ ಬಳ್ಳಾರಿಗೆ ವರ್ಗವಾಯಿತು. ಹೊರಡುವಾಗ ಅವ್ವ ಒಂದೇ ಮಾತು ಹೇಳಿದ್ದಳು: "ಮನಿ ಹೆಂಗಾರ ಇರಲಿ ತಮ್ಮಾ, ಮೊದ್ಲು ನೀರು ಕೇಳು." ನಾನು ಕೇಳಿದ್ದು ಪಾರ್ಕಿಂಗ್.

ಡಿಸೆಂಬರ್ ತಿಂಗಳು. ಬ್ರೋಕರ್ ಹುಡುಗ ಬೈಕಿನ ಹಿಂದೆ ಕೂರಿಸಿಕೊಂಡು ಊರೆಲ್ಲ ಸುತ್ತಿಸಿದ. ಗಾಂಧಿನಗರ, ಪಟೇಲ್ ನಗರ, ಸತ್ಯನಾರಾಯಣಪೇಟೆ, ಕೌಲ್ ಬಜಾರ್. ಎಲ್ಲಿ ನಿಲ್ಲಿಸಿದರೂ ಒಂದೇ ಮಂತ್ರ: "ಇಲ್ಲಿಂದ ನಿಮ್ಮ ಆಫೀಸಿಗೆ ಹತ್ತೇ ನಿಮಿಷ ಸಾರ್." ಊರಿನ ಆ ತುದಿಗೆ ಹೋದರೂ ಹತ್ತು, ಈ ತುದಿಗೆ ಬಂದರೂ ಹತ್ತು. ಆಫೀಸೇ ನಮ್ಮ ಬೆನ್ನು ಹತ್ತಿದೆಯೇನೋ ಅಂತ ಒಮ್ಮೆ ತಿರುಗಿ ನೋಡಿದೆ.

ಸಹೋದ್ಯೋಗಿಗಳನ್ನು ಕೇಳಿದೆ. ಅದರಿಂದಲೂ ಪ್ರಯೋಜನವಾಗಲಿಲ್ಲ. ಯಾವ ಏರಿಯಾ ಒಳ್ಳೇದು ಅಂದರೆ ಜನ ಏರಿಯಾ ಬಗ್ಗೆ ಹೇಳುವುದಿಲ್ಲ, ತಮ್ಮ ಹಳೇ ಓನರ್ ಬಗ್ಗೆ ಹೇಳುತ್ತಾರೆ.

ಕೊನೆಗೆ ರೈಲ್ವೆ ಗೇಟಿನ ಆಚೆ ಒಂದು ಮನೆ ಹಿಡಿದೆ. ನೋಡಲು ಹೋದದ್ದು ಭಾನುವಾರ ಮಧ್ಯಾಹ್ನ, ಗೇಟು ಎದ್ದಿತ್ತು. ನಿಜಕ್ಕೂ ಹತ್ತೇ ನಿಮಿಷ. ಸೋಮವಾರ ಒಂಬತ್ತೂವರೆಗೆ ಹೊರಟರೆ ಗೇಟು ಬಿದ್ದಿತ್ತು. ಬಳ್ಳಾರಿ ಸೀಮೆಯ ಅದಿರು ಹೊತ್ತ ಗೂಡ್ಸು ಅವಸರ ಪಡುವ ಜಾತಿಯದಲ್ಲ. 58 ಡಬ್ಬಿ, ಕೊನೆಗೊಂದು ಗಾರ್ಡ್ ಡಬ್ಬಿ. ಲೆಕ್ಕ ಪಕ್ಕಾ, ಯಾಕಂದ್ರೆ ನನ್ನ ಮಗಳು ಎಣಿಕೆ ಕಲಿತದ್ದೇ ಆ ಗೇಟಿನಲ್ಲಿ. ಶಾಲೆಯಲ್ಲಿ ಟೀಚರ್ "ಐವತ್ತೆಂಟಾದ ಮೇಲೆ?" ಅಂತ ಕೇಳಿದರೆ "ಗಾರ್ಡ್" ಅಂದಳಂತೆ.

ಗೇಟು ಎದ್ದ ಮೇಲೆಯೇ ನಿಜವಾದ ತಡ ಶುರು. ಈ ಕಡೆಯವರೂ ರಸ್ತೆ ತುಂಬಾ, ಆ ಕಡೆಯವರೂ ರಸ್ತೆ ತುಂಬಾ. ಸಿಟ್ಟಾದ ಬೀಗರ ಹಾಗೆ ಎದುರಾಬದುರಾ ನಿಂತರೆ ಮೊದಲು ದಾರಿ ಬಿಡೋರು ಯಾರು? ನಾಲ್ಕು ತಿಂಗಳಲ್ಲಿ ಆ ಮನೆ ಬಿಟ್ಟೆ.

ಎರಡನೆಯದು ಗುಡ್ಡದ ಬುಡದಲ್ಲಿ. ಇದನ್ನು ನೋಡಿದ್ದು ಏಪ್ರಿಲ್ ಮೊದಲ ವಾರ, ಹಿಂದಿನ ದಿನ ಮಳೆ ಬಿದ್ದು ತಂಪಾಗಿದ್ದ ಸಂಜೆ. ಕಿಟಕಿ ತೆಗೆದರೆ ಮೇಲೆ ಕೋಟೆ. "ವ್ಯೂ ನೋಡಿ ಸಾರ್" ಅಂದ ಹುಡುಗ. ಈ ಕೋಟೆಗೊಂದು ಕತೆ ಇದೆ. 18ನೇ ಶತಮಾನದಲ್ಲಿ ಹೈದರಾಲಿ ಫ್ರೆಂಚ್ ಎಂಜಿನಿಯರ್ ಒಬ್ಬನಿಂದ ಇದನ್ನು ಬಲಪಡಿಸಿದನಂತೆ. ಎಲ್ಲ ಮುಗಿದ ಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡವೇ ಇದಕ್ಕಿಂತ ಎತ್ತರ! ಜಾಗ ಸರಿಯಾಗಿ ನೋಡದ ತಪ್ಪಿಗೆ ಎಂಜಿನಿಯರನ್ನು ಗಲ್ಲಿಗೇರಿಸಿದರು ಅಂತ ಜನ ಹೇಳುತ್ತಾರೆ. ಅಡ್ವಾನ್ಸ್ ಕೊಡುವ ಮುಂಚೆಯೇ ಈ ಕತೆ ನನಗೆ ಗೊತ್ತಿತ್ತು. ಆದರೂ ಕೊಟ್ಟೆ.

ಬಳ್ಳಾರಿಗೆ ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಅನ್ನುವುದು ಹಳೇ ಮಾತು. ಗುಡ್ಡದ ಬುಡದಲ್ಲಿ ಮೂರನೆಯದೊಂದಿದೆ, ಅದು ರಾತ್ರಿ ಬರುತ್ತದೆ. ಹಗಲೆಲ್ಲ 40 ಡಿಗ್ರಿ ಬಿಸಿಲು ಕುಡಿದ ಬಂಡೆ, ಕತ್ತಲಾದ ಮೇಲೆ ಅದನ್ನೆಲ್ಲ ನಿಧಾನಕ್ಕೆ ಹೊರಗೆ ಬಿಡುತ್ತದೆ. ರಾತ್ರಿ ಒಂದಕ್ಕೆ ಗೋಡೆ ಮುಟ್ಟಿದರೆ ಆಗಷ್ಟೇ ಇಳಿಸಿದ ರೊಟ್ಟಿ ಹಂಚಿನ ಹಾಗಿತ್ತು. ಮಾಳಿಗೆ ಮೇಲೆ ಒದ್ದೆ ದುಪ್ಪಟಿ ಹಾಸಿ ಮಲಗಿದೆವು. ದುಪ್ಪಟಿ ಒಣಗಿತು, ನಿದ್ದೆ ಬರಲಿಲ್ಲ. ಲಾಭ ಅಂದರೆ ಸಂಡಿಗೆ ಮಾತ್ರ. ಬೆಳಿಗ್ಗೆ ಇಟ್ಟರೆ ಮಧ್ಯಾಹ್ನಕ್ಕೆ ಡಬ್ಬಿಗೆ ತುಂಬಬಹುದಿತ್ತು. ಸುದ್ದಿ ತಿಳಿದು ಕೊಪ್ಪಳದ ಅತ್ತಿಗೆ ತನ್ನ ಹಿಟ್ಟನ್ನೂ ಬಸ್ಸಿಗೆ ಹಾಕಿ ಕಳಿಸಿದಳು.

"ನಾವು ಮನಿ ಬಾಡಿಗಿ ಹಿಡಿದೀವೇನ್ರಿ, ಒಲಿ ಬಾಡಿಗಿ ಹಿಡಿದೀವೇನ್ರಿ?" ಅಂದಳು ಹೆಂಡತಿ.

ಮೂರನೆಯದು ಕೌಲ್ ಬಜಾರ್ ಕಡೆ, ಪಕ್ಕದಲ್ಲೇ ಜೀನ್ಸ್ ಹೊಲಿಯುವವರು. ರಾತ್ರಿ ಹತ್ತರವರೆಗೂ ಮಷಿನ್ ಸದ್ದು. ಅದಕ್ಕೆ ಒಗ್ಗಿಕೊಂಡೆವು, ಅದಿಲ್ಲದಿದ್ದರೆ ನಿದ್ದೆ ಬಾರದಷ್ಟು. ಅಷ್ಟರಲ್ಲಿ ಓನರ್ ಮಗನ ಮದುವೆ ಗೊತ್ತಾಯಿತು, ನಮ್ಮ ಗಂಟುಮೂಟೆ ಹೊರಗೆ ಬಂತು.

ಈಗಿನ ಮನೆಗೆ ಗೇಟಿಲ್ಲ, ಗುಡ್ಡವಿಲ್ಲ, ಆಫೀಸು ಹತ್ತೇ ನಿಮಿಷ. ಒಳ್ಳೆ ಮಳೆಗಾಲದಲ್ಲಿ ನೋಡಿದ್ದೆ, ಸಂಪು ತುಂಬಿ ತುಳುಕುತ್ತಿತ್ತು. ಬೇಸಿಗೆ ಬಂತು. ತುಂಗಭದ್ರೆಯ ಕಾಲುವೆ ನಿಂತರೆ ಅಲ್ಲಿಪುರದ ಕೆರೆಯಲ್ಲಿ ತುಂಬಿಸಿಟ್ಟ ನೀರೇ ಗತಿ. ಅದನ್ನು ಓಣಿ ಓಣಿಗೆ ಸರದಿ ಹಚ್ಚಿ ಬಿಡುತ್ತಾರೆ. ನಮ್ಮ ಸರದಿ ಒಂಬತ್ತನೇ ದಿನ, ಅದೂ ರಾತ್ರಿ ಎರಡಕ್ಕೆ.

ಪಕ್ಕದ ಮನೆ ಅಕ್ಕ ಬಾಗಿಲು ಬಡಿದು "ಅಣ್ಣಾ, ನೀರು ಬಿಟ್ರು!" ಅಂತ ಕೂಗುತ್ತಾರೆ. ಐದು ನಿಮಿಷದಲ್ಲಿ ಇಡೀ ಓಣಿ ಬೀದಿಯಲ್ಲಿ. ಲುಂಗಿ, ನೈಟಿ, ಕೊಡ, ಡ್ರಮ್ಮು, ಪೈಪು. ಅರ್ಧ ಕನ್ನಡ, ಅರ್ಧ ತೆಲುಗು. ಮೊನ್ನೆ ಅಂಥದೇ ಹೊತ್ತಿನಲ್ಲಿ ಅಕ್ಕ ಮೆಲ್ಲಗೆ ಕೇಳಿದರು, "ಬಾಡಿಗೆ ಎಷ್ಟು ಕೊಡ್ತೀರಣ್ಣಾ?"

"ಒಂಬತ್ತು ಸಾವಿರ."

ಅವರ ಕೊಡ ತುಂಬಿ ಹರಿಯತೊಡಗಿತು. ಪೈಪು ತೆಗೆಯಲಿಲ್ಲ. "ಹಿಂದಿನವರು ಆರೂವರೆ ಕೊಡ್ತಿದ್ರಲ್ಲ!"

ಬೆಳಿಗ್ಗೆ, ನಿದ್ದೆಗಣ್ಣಲ್ಲಿ ಚಹಾ ಕುಡಿಯುತ್ತಿದ್ದಾಗ ಅವ್ವನ ಫೋನು.

"ಹೊಸಾ ಮನಿಗೆ ನೀರು ಚಲೋ ಬರ್ತಾವೇನೋ ತಮ್ಮಾ?"

"ಭಾಳ ಚಲೋ ಬರ್ತಾವಬೇ."

"ಎಷ್ಟು ದಿನಕ್ಕೊಮ್ಮಿ?"

"ಅವ್ವಾ, ಇಲ್ಲಿ ರೈಲ್ವೆ ಗೇಟು ಬಿದ್ದೈತಿ, ಗಾಡಿ ಬಂತು, ಕೇಳಸವಲ್ದು" ಅಂದು ಫೋನಿಟ್ಟೆ.