ಡಬ್ಬಿ ಹಾಲು ಕೊಡೋ ತಾಯಿಗೂ ಎದೆ ಕಟ್ಟುತ್ತೆ

ಮಗುವಿಗೆ ಡಬ್ಬಿ ಹಾಲು ಅಂತ ತೀರ್ಮಾನ ಆದಮೇಲೆ ಆಸ್ಪತ್ರೆಯಲ್ಲಿ ತಾಯಿಗೆ ಹೇಳಿಕೊಡೋದು ಇಷ್ಟೇ: ಬಾಟಲಿ ಕುದಿಸೋದು ಹೇಗೆ, ಪುಡಿ ಎಷ್ಟು, ನೀರು ಎಷ್ಟು. ಅವಳ ಎದೆಗೂ ಹಾಲು ಬಂದು, ಊದಿ ಬಿಗಿದು ನೋವಾಗುತ್ತೆ, ಅಂದರೆ ಎದೆ ಕಟ್ಟುತ್ತೆ ಅನ್ನೋದನ್ನ ಯಾರೂ ಬಾಯಿ ಬಿಟ್ಟು ಹೇಳಲ್ಲ. ಹಾಲು ಇಳಿಯೋದು ಹೆರಿಗೆಯಾದ 2ರಿಂದ 5ನೇ ದಿನದೊಳಗೆ, ಬಹಳಷ್ಟು ಜನಕ್ಕೆ 3ನೇ ದಿನದ ಆಸುಪಾಸು. ಸಹಜ ಹೆರಿಗೆಯಾದವರು ಅಷ್ಟೊತ್ತಿಗೆ ಡಿಸ್ಚಾರ್ಜ್ ಆಗಿ ಮನೆ ಸೇರಿರ್ತಾರೆ. ನೋವು ಶುರುವಾಗೋ ರಾತ್ರಿ ಪಕ್ಕದಲ್ಲಿ ನರ್ಸ್ ಇರಲ್ಲ, ಅಮ್ಮ, ಅತ್ತೆ ಮತ್ತು ಯೂಟ್ಯೂಬ್ ಇರುತ್ತೆ.

ಕಾನೂನಿದೆಯಲ್ಲ, ಅದಕ್ಕೇ ಡಾಕ್ಟರುಗಳು ಮಾತಾಡಲ್ಲ ಅನ್ನೋರಿದ್ದಾರೆ. ಪುಡಿ ಹಾಲು ಮತ್ತು ಬಾಟಲಿಗಳ ಬಗ್ಗೆ 1992ರ ಕಾನೂನು ಇರೋದು ನಿಜ, 2003ರಲ್ಲಿ ತಿದ್ದುಪಡಿಯಾಗಿ ಇನ್ನೂ ಬಿಗಿಯಾಗಿದ್ದೂ ನಿಜ. ಅದು ತಡೆಯೋದು ಜಾಹೀರಾತನ್ನ, ಪ್ರಚಾರವನ್ನ, ಪುಕ್ಕಟೆ ಡಬ್ಬಿ ಹಂಚೋದನ್ನ. ನೋವಲ್ಲಿರೋ ಬಾಣಂತಿಗೆ ದಾರಿ ಹೇಳಬೇಡಿ ಅಂತ ಅದರಲ್ಲಿ ಎಲ್ಲೂ ಬರೆದಿಲ್ಲ. ಕೀಮೋ ತಗೊಳ್ತಾ ಇರೋ ತಾಯಿ, ಹಾಲಿನ ಸಕ್ಕರೆ ಅರಗದ ಗ್ಯಾಲಕ್ಟೋಸೀಮಿಯಾ ಇರೋ ಮಗುವಿನ ತಾಯಿ, ಬೇರೆಯವರಿಗಾಗಿ ಹೊತ್ತು ಹೆತ್ತವಳು, ಎಲ್ಲ ಯೋಚಿಸಿ ಎದೆಹಾಲು ಬೇಡ ಅಂದವಳು, ಇವರೆಲ್ಲರ ದೇಹಕ್ಕೂ ಒಂದೇ ಲೆಕ್ಕ: ಹೆರಿಗೆಯಾದರೆ ಹಾಲು ಬರುತ್ತೆ. ಮಗು ಕಳಕೊಂಡವಳಿಗೂ ಅದೇ. ಐದನೇ ತಿಂಗಳಲ್ಲಿ ಗರ್ಭ ಹೋದರೂ ಹಾಲು ಬರಬಹುದು. ಅದನ್ನ ಮೊದಲೇ ಹೇಳದೆ ಮನೆಗೆ ಕಳಿಸೋದು ಕ್ರೌರ್ಯ ಅಂತಲೇ ನನ್ನ ಅಭಿಪ್ರಾಯ.

ಮಗು ಚೀಪದಿದ್ದರೆ ಹಾಲು ಬರಲ್ಲ ಅಂತ ತುಂಬಾ ಜನ ನಂಬಿದ್ದಾರೆ. ಮೊದಲ ಕೆಲವು ದಿನದ ಮಟ್ಟಿಗೆ ಅದು ಸುಳ್ಳು. ಮಾಸು ಹೊರಗೆ ಬಿದ್ದ ಕೂಡಲೇ ಬಸುರಿನ ಹಾರ್ಮೋನ್ ಪ್ರೊಜೆಸ್ಟರಾನ್ ಕಡಿಮೆಯಾಗುತ್ತೆ, ಹಾಲು ಮಾಡಿಸೋ ಹಾರ್ಮೋನ್ ಪ್ರೊಲ್ಯಾಕ್ಟಿನ್ ಮೇಲೇ ಇರುತ್ತೆ, ಹಾಲು ತಾನಾಗಿ ಬರುತ್ತೆ. ಮಗು ಚೀಪೋದರ ಲೆಕ್ಕ ಶುರುವಾಗೋದು ಆಮೇಲೆ. ಹೊರಗೆ ಹೋಗದ ಹಾಲು ಒಳಗೇ ನಿಂತರೆ, ಇನ್ನು ಸಾಕು ಅನ್ನೋ ಸಂದೇಶ ಹಾಲು ಮಾಡೋ ಜೀವಕೋಶಗಳಿಗೆ ಹೋಗುತ್ತೆ, ಉತ್ಪತ್ತಿ ನಿಲ್ಲುತ್ತಾ ಬರುತ್ತೆ. ಇನ್ನೊಂದು ವಿಷಯ: ಆ ಬಿಗಿತ ಪೂರ್ತಿ ಹಾಲಿನದಲ್ಲ. ರಕ್ತದ ಹರಿವು ಜಾಸ್ತಿಯಾಗಿ, ನೀರು ತುಂಬಿ, ಸುತ್ತಲಿನ ಭಾಗವೇ ಊದಿಕೊಂಡಿರುತ್ತೆ. ಹೆರಿಗೆ ಹೊತ್ತಲ್ಲಿ ಡ್ರಿಪ್ ತುಂಬಾ ಏರಿಸಿದ್ದರೆ ಊತ ಇನ್ನೂ ಹೆಚ್ಚು. ಮುಟ್ಟಿದರೆ ಹಣೆ ಮುಟ್ಟಿದಷ್ಟು ಗಟ್ಟಿ, ಚರ್ಮ ಹೊಳೀತಿರುತ್ತೆ, ಕಂಕುಳವರೆಗೂ ಎಳೆತ. ಹಿಂಡಿದರೂ ಹಾಲು ಬರ್ತಿಲ್ಲ ಅಂತ ಅಳೋರಿಗೆ ಕಾರಣ ಇದೇ. ಇದರ ಜೋರು ಎರಡು ಮೂರು ದಿನ. ವಾರದೊಳಗೆ ಎದೆ ಮೆತ್ತಗಾಗುತ್ತೆ. ಪೂರ್ತಿ ಬತ್ತೋಕೆ ಕೆಲವು ವಾರ ಬೇಕು, ಅಲ್ಲಿಯವರೆಗೆ ಆಗಾಗ ನಾಲ್ಕು ಹನಿ ಸೋರಿದರೆ ಗಾಬರಿ ಬೇಡ.

ಊತ ಅಂದಮೇಲೆ ತಣ್ಣಗಿನದೇ ಔಷಧಿ. ನಮ್ಮಲ್ಲಿ ಇಲ್ಲೇ ಜಗಳ ಶುರುವಾಗೋದು, ಬಾಣಂತಿಗೆ ಥಂಡಿ ತಾಗಬಾರದಲ್ಲ! ತಣ್ಣನೆ ಬಟ್ಟೆ ಇಡೋದು ಎದೆ ಮೇಲೆ, ಕಾಲು ಗಂಟೆ. ಅದರಿಂದ ಮೈಗೆಲ್ಲ ಥಂಡಿ ಹತ್ತಲ್ಲ. ಕರವಸ್ತ್ರ ಒದ್ದೆ ಮಾಡಿ ಹಿಂಡಿ, ಎದೆಯ ಆಕಾರಕ್ಕೆ ಬಗ್ಗೋ ಹಾಗೆ ಅಗಲಕ್ಕೆ ಮಡಚಿ, ಪ್ಲಾಸ್ಟಿಕ್ ಕವರಲ್ಲಿ ಹಾಕಿ ಫ್ರೀಜರಿನಲ್ಲಿಡಿ. ತೆಗೆದು ತೆಳ್ಳನೆ ಪಂಚೆ ತುಂಡಲ್ಲಿ ಸುತ್ತಿ 15–20 ನಿಮಿಷ ಇಡಿ. ಒಂದೆರಡು ಗಂಟೆ ಬಿಟ್ಟು ಮತ್ತೆ. ಐಸನ್ನ ನೇರ ಚರ್ಮಕ್ಕೆ ತಾಗಿಸಬೇಡಿ, ಸುಟ್ಟ ಹಾಗಾಗುತ್ತೆ. ಫ್ರಿಜ್ ಇಲ್ಲದ ಮನೆಯಲ್ಲಿ ಮಡಕೆ ನೀರಲ್ಲಿ ಅದ್ದಿದ ಬಟ್ಟೆಯನ್ನ ಬೆಚ್ಚಗಾದ ಹಾಗೆ ಬದಲಾಯಿಸ್ತಾ ಇದ್ದರೂ ನಡೆಯುತ್ತೆ. ಹಂಡೆ ನೀರು ಎರೆಯೋರಿಗೆ ಒಂದು ಮಾತು: ಬೆನ್ನಿಗೆ, ಸೊಂಟಕ್ಕೆ ಧಾರಾಳವಾಗಿ ಎರೀರಿ, ಈ ಐದಾರು ದಿನ ಎದೆ ಮೇಲೆ ಸುಡು ನೀರು ಬೇಡ. ಬಿಸಿಗೆ ರಕ್ತನಾಳ ಹಿಗ್ಗಿ ಊತ ಏರುತ್ತೆ.

ಎಲೆಕೋಸಿನ ಎಲೆ ಇಡೋದನ್ನ ನೋಡಿ ನಗೋರಿದ್ದಾರೆ. ಅದಕ್ಕೆ ಗಟ್ಟಿ ಪುರಾವೆ ಇಲ್ಲ, ತಣ್ಣಗಿರೋ ಯಾವುದೇ ಪಟ್ಟಿಯಷ್ಟೇ ಹಿತ ಅನ್ನಿ. ಆದರೆ ಅಗ್ಗ, ಎದೆಗೆ ಸರಿಯಾಗಿ ಕೂರುತ್ತೆ. ಚೆನ್ನಾಗಿ ತೊಳೆದು, ಫ್ರಿಜ್ಜಲ್ಲಿಟ್ಟು, ನಡುವಿನ ದಪ್ಪ ನರ ಜಜ್ಜಿ, ತೊಟ್ಟು ಬಿಟ್ಟು ಬ್ರಾ ಒಳಗೆ ಇಟ್ಟುಕೊಳ್ಳಿ, ಬಾಡಿದ ಮೇಲೆ ಬಿಸಾಕಿ. ಎದೆಗೆ ಮಲ್ಲಿಗೆ ದಂಡೆ ಕಟ್ಟೋದು ನಮ್ಮ ದಕ್ಷಿಣದ ಹಳೇ ರೂಢಿ, ಇದಕ್ಕೆ ಅಧ್ಯಯನವೇ ಇದೆ. 1988ರಲ್ಲಿ ವೆಲ್ಲೂರಿನ ವೈದ್ಯರು ಮಲ್ಲಿಗೆಯನ್ನ ಹಾಲು ನಿಲ್ಲಿಸೋ ಬ್ರೋಮೋಕ್ರಿಪ್ಟಿನ್ ಮಾತ್ರೆ ಜೊತೆ ಹೋಲಿಸಿ ಪ್ರಕಟಿಸಿದ್ದರು. ಪ್ರೊಲ್ಯಾಕ್ಟಿನ್ ಇಳಿಸೋದರಲ್ಲಿ ಮಾತ್ರೆ ಮುಂದು, ಬಿಗಿತ ಮತ್ತು ನೋವಿನ ವಿಷಯದಲ್ಲಿ ಎರಡೂ ಸಮ ಅಂತ ಬಂತು. ಸಣ್ಣ ಅಧ್ಯಯನ, ಹೂವನ್ನೇ ನಂಬಿ ಕೂರೋದಲ್ಲ. ಅಜ್ಜಿ ಕಟ್ಟಿದರೆ ಬೇಡ ಅನ್ನಬೇಡಿ. ಚರ್ಮ ಒಡೆದಿದ್ದರೆ ಮಾತ್ರ ಹೂವೂ ಬೇಡ, ಕೋಸೂ ಬೇಡ.

ಹಳೇ ಸೀರೆಯಿಂದ ಎದೆ ಬಿಗಿದು ಕಟ್ಟೋದಕ್ಕೆ ನನ್ನ ಪೂರ್ತಿ ವಿರೋಧ. ಹಾಲು ಬೇಗ ಬತ್ತುತ್ತೆ ಅಂತ ಕಟ್ತಾರೆ, ಆಗೋದು ನೋವು ಜಾಸ್ತಿ, ಒತ್ತಿದ ಜಾಗದಲ್ಲಿ ಗಂಟು. ಬೇಕಾಗಿರೋದು ಆಧಾರ, ಒತ್ತಡ ಬೇಡ. ಕಂಬಿ ಇಲ್ಲದ, ಅಗಲ ಪಟ್ಟಿಯ, ಈಗಿನ ಅಳತೆಯ ಹತ್ತಿ ಬ್ರಾ, ಹಗಲೂ ರಾತ್ರಿ. ಬಸುರಿಗೆ ಮುಂಚಿನದು ಸಾಲಲ್ಲ. ಪಟ್ಟಿ ಕೆಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು, ಬಿಚ್ಚಿದಾಗ ಚರ್ಮದ ಮೇಲೆ ಆಳವಾದ ಗೆರೆ ಕಂಡರೆ ಅದು ಬಿಗಿ. ಹೊಟ್ಟೆಗೆ ಕಟ್ಟೋ ಬಟ್ಟೆ ಜಾರಿ ಎದೆ ಬುಡಕ್ಕೆ ಏರದ ಹಾಗೆ ನೋಡಿಕೊಳ್ಳಿ. ಸೋರಿದರೆ ಮೆತ್ತನೆ ಹತ್ತಿ ಬಟ್ಟೆ ನಾಲ್ಕು ಮಡಿಕೆ ಮಾಡಿ ಇಟ್ಟುಕೊಂಡು ಒದ್ದೆಯಾದಾಗ ಬದಲಾಯಿಸಿ.

ಹಿಂಡಬಹುದಾ? ತಡೆಯೋಕೆ ಆಗದಿದ್ದರೆ ಹಿಂಡಬಹುದು, ಲೆಕ್ಕ ಇಟ್ಟು. ಹೆಬ್ಬೆರಳು ಮೇಲೆ, ಬೆರಳುಗಳು ಕೆಳಗೆ, ತೊಟ್ಟಿಂದ ಎರಡು ಬೆರಳಗಲ ಹಿಂದೆ. ಮೊದಲು ಎದೆಗೂಡಿನ ಕಡೆ ಮೆಲ್ಲಗೆ ಒತ್ತಿ, ಆಮೇಲೆ ಬೆರಳು ಕೂಡಿಸಿ, ಬಿಡಿ. ಚರ್ಮದ ಮೇಲೆ ಬೆರಳು ಜಾರಿಸಬೇಡಿ. ಒಂದೆರಡು ಚಮಚ ಬಂದು ಬಿಗಿ ಕಡಿಮೆಯಾಯ್ತು ಅನ್ನಿಸಿದ ಕೂಡಲೇ ನಿಲ್ಲಿಸಿ. ಪೂರ್ತಿ ಖಾಲಿ ಮಾಡಿದರೆ ಇನ್ನೂ ಬೇಕಂತೆ ಅಂತ ದೇಹ ತಿಳಿಯುತ್ತೆ. ಪಂಪ್ ಹಚ್ಚಿ ಇಪ್ಪತ್ತು ನಿಮಿಷ ಕೂರೋದರಲ್ಲಿರೋ ಅಪಾಯ ಇದೇ. ಎಣ್ಣೆ ಹಚ್ಚಿ ಗಂಟು ಒಡೀತೀನಿ ಅಂತ ಬಲವಾಗಿ ತಿಕ್ಕೋದು ಇನ್ನೂ ಕೆಟ್ಟದ್ದು, ಊದಿದ ಭಾಗಕ್ಕೆ ಪೆಟ್ಟಾಗಿ ಬಾವು ಹೆಚ್ಚುತ್ತೆ. ಕಂಕುಳ ಕಡೆಗೆ, ಕತ್ತಿನ ಮೂಳೆ ಕಡೆಗೆ ಬೆರಳಲ್ಲಿ ಸುಮ್ಮನೆ ಸವರಿದರೆ ಸಾಕು. ಕೆಲವು ದಿನ ಹಾಲು ಕುಡಿಸಿ ಆಮೇಲೆ ನಿಲ್ಲಿಸೋರು ಒಂದೇ ಸಲಕ್ಕೆ ನಿಲ್ಲಿಸಬೇಡಿ, ಎರಡು ಮೂರು ದಿನಕ್ಕೊಂದು ಹೊತ್ತು ಬಿಡಿಸ್ತಾ ಬನ್ನಿ.

ನೀರು ಕಡಿಮೆ ಕುಡಿದರೆ ಹಾಲು ಬತ್ತಲ್ಲ, ಮಲಬದ್ಧತೆ ಬರುತ್ತೆ, ಹೊಲಿಗೆ ಹಾಕಿದವರ ಪಾಡು ಕೇಳಲೇಬೇಡಿ.

ಮಾತ್ರೆ ವಿಷಯ ಡಾಕ್ಟರ್ ಹತ್ತಿರವೇ. ನೋವಿಗೆ ಸಾಮಾನ್ಯವಾಗಿ ಬರೆಯೋದು ಊಟವಾದ ಮೇಲೆ ಐಬುಪ್ರೊಫೆನ್ 400 ಮಿಲಿಗ್ರಾಂ, ದಿನಕ್ಕೆ ಮೂರು ಸಲ, ಇಲ್ಲವೇ ಪ್ಯಾರಾಸಿಟಮಾಲ್. ಬಿಪಿ, ಕಿಡ್ನಿ, ಹೊಟ್ಟೆಹುಣ್ಣು ಇರೋರು ಐಬುಪ್ರೊಫೆನ್ನಿಗೆ ಮುಂಚೆ ಹೇಳಲೇಬೇಕು. ಹಾಲು ನಿಲ್ಲಿಸೋಕೆ ಕ್ಯಾಬರ್ಗೋಲಿನ್ ಇದೆ. ಹೆರಿಗೆಯಾದ ಮೊದಲ ದಿನ 1 ಮಿಲಿಗ್ರಾಂ ಒಂದೇ ಸಲ, ಹಾಲು ಇಳಿದ ಮೇಲಾದರೆ 0.25 ಮಿಲಿಗ್ರಾಂ ದಿನಕ್ಕೆರಡರಂತೆ ಎರಡು ದಿನ. ಬಸುರಲ್ಲಿ ಬಿಪಿ ಏರಿದ್ದವರಿಗೆ, ಹೃದಯದ ಕವಾಟದ ತೊಂದರೆ ಇರೋರಿಗೆ, ಹಿಂದೆ ಬಾಣಂತಿ ಸನ್ನಿ ಆಗಿದ್ದವರಿಗೆ ಇದು ಬೇಡ. ಹಳೇ ಬ್ರೋಮೋಕ್ರಿಪ್ಟಿನ್ ತಗೊಂಡ ಕೆಲವರಲ್ಲಿ ಪಾರ್ಶ್ವವಾಯು, ಫಿಟ್ಸ್, ಹೃದಯಾಘಾತ ವರದಿಯಾಗಿದ್ದರಿಂದ ಅಮೆರಿಕದಲ್ಲಿ 1994ರಲ್ಲೇ ಹಾಲು ನಿಲ್ಲಿಸೋ ಉದ್ದೇಶಕ್ಕೆ ಕೈಬಿಟ್ಟರು. ಹಾಲು ಬತ್ತಲಿ ಅಂತ ಗರ್ಭನಿರೋಧಕ ಮಾತ್ರೆ ನುಂಗೋದೂ ಅಪಾಯ, ಮೊದಲ ಮೂರು ವಾರ ಈಸ್ಟ್ರೋಜನ್ ಇರೋ ಮಾತ್ರೆಯಿಂದ ರಕ್ತ ಹೆಪ್ಪುಗಟ್ಟಬಹುದು.

ಎದೆ ಕಟ್ಟಿದಾಗ ಎರಡೂ ಕಡೆ ಬಿಗಿ, ಮೈ ಸ್ವಲ್ಪ ಬೆಚ್ಚಗಾಗಬಹುದು. ಒಂದೇ ಕಡೆ ಕೆಂಪು ಪಟ್ಟೆ, ಚಳಿ ನಡುಕ, 38.5 ಡಿಗ್ರಿ ಅಂದರೆ 101.3 ಫ್ಯಾರನ್‌ಹೀಟ್ ದಾಟಿದ ಜ್ವರ ಇದ್ದರೆ ಅದು ಎದೆಬಾವು ಇರಬಹುದು, ಅವತ್ತೇ ತೋರಿಸಿ. ಗಂಟು ಕರಗದೆ ಮೆತ್ತಗಾಗಿ ಅಲ್ಲಾಡಿದರೆ ಕೀವು, ಸ್ಕ್ಯಾನಿಂಗ್ ಆಗಬೇಕು. ಬಾಣಂತಿಯ ಜ್ವರವನ್ನೆಲ್ಲ ಎದೆ ಮೇಲೆ ಹಾಕಬೇಡಿ, ಗರ್ಭಕೋಶ, ಹೊಲಿಗೆ, ಮೂತ್ರದ ಸೋಂಕೂ ಇರುತ್ತೆ.

ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ ಬರಬೇಕಾದ ಮೊದಲ ದಿನವೂ 3ನೇ ದಿನವೇ, ಎದೆ ಕಟ್ಟೋ ಹೊತ್ತಿಗೆ ಸರಿಯಾಗಿ. ಅವರು ಮಗುವಿನ ತೂಕ ನೋಡಿ ಹೊರಡೋ ಮುಂಚೆ ನೀವೇ ಎದೆಯ ವಿಷಯ ತೆಗೀರಿ. ಮನಸ್ಸು ಬದಲಾಗಿ ಹಾಲು ಕುಡಿಸೋಣ ಅನ್ನಿಸಿದರೂ ಅವರಿಗೆ ಹೇಳಿ. ಮೊದಲ ಒಂದೆರಡು ವಾರದಲ್ಲಾದರೆ ದಿನಕ್ಕೆ ಎಂಟು ಹತ್ತು ಸಲ ಮಗುವನ್ನ ಎದೆಗೆ ಹಚ್ಚಿ ಹಾಲನ್ನ ಮತ್ತೆ ತರಿಸೋಕೆ ಸಾಧ್ಯ, ಕ್ಯಾಬರ್ಗೋಲಿನ್ ನುಂಗಿದ್ದರೆ ಅದು ಕಷ್ಟ.